ನಕ್ಕಿದ್ದಲ್ಲ, ನಗು ಬಂದಿದ್ದು

ಏಪ್ರಿಲ್ 9

ಎಲೈ ನೆರೆದಿರುವ ಮಹಾಜನಗಳೇ! ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಸೀಟಿ ಹೊಡೆಯುವ ಧಣಿಗಳೇ, ಗೋಡೆಗೊರಗಿ ಪುಕ್ಕಟೆ ನೋಡುವ ಪುಣ್ಯಾತ್ಮರೇ! ಸದ್ದು, ಸದ್ದು! ಪರದೆ ಏಳುತ್ತಿದೆ!

ಮಗಳೇ, ಈ ಪತ್ರವನ್ನು ಮನಸ್ಸಿನಲ್ಲೇ ಓದಿಕೊಳ್ಳುವಂತಿಲ್ಲ. ಅಳಿಯಂದಿರನ್ನು ಲಾರಿಯಿಂದ ಇಳಿಸಿ, ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದತಕ್ಕದ್ದು. ಮನೆಯಲ್ಲಿ ಇಬ್ಬರೇ ಇದ್ದೇವೆಂದು ಕುಗ್ಗಬೇಡ. ಇಬ್ಬರೇ ಪ್ರೇಕ್ಷಕರಿದ್ದ ಆಟವನ್ನೂ ನಿಮ್ಮಪ್ಪ ಆಡಿದ್ದಾನೆ. ಅದರಲ್ಲೊಬ್ಬ ನಿದ್ದೆ ಹೊಡೆಯುತ್ತಿದ್ದ.

ಫೋನ್ ಮಾಡಿ ಅಪ್ಪ, ಫೋನ್ ಮಾಡಿ ಅಪ್ಪ ಎನ್ನುತ್ತೀಯ. ನನ್ನ ಕಿವಿಗಳೆರಡೂ ರಾಜೀನಾಮೆ ಕೊಟ್ಟು ಕೂತಿವೆ. ಫೋನಿನಲ್ಲಿ ನಿನ್ನ ದನಿ ಡಬ್ಬದೊಳಗೆ ಸಿಕ್ಕಿಬಿದ್ದ ನೊಣದ ಹಾಗೆ ಕೇಳುತ್ತದೆ. ಬರೆ. ಕಣ್ಣುಗಳು ಇನ್ನೂ ನೌಕರಿಯಲ್ಲಿವೆ.

ಈಗ ವಿಷಯಕ್ಕೆ. ನಿನ್ನ ಮಗಳು, ಆರು ವರ್ಷದ ಆ ಚೋಟು, ರಜೆಗೆಂದು ನಮ್ಮ ನಾಟಕದ ಕ್ಯಾಂಪಿಗೆ ಬಂದಿಳಿದ ಗಳಿಗೆಯಿಂದ ಕಂಪನಿಯ ಕಳೆಯೇ ಬದಲಾಗಿದೆ. ಏನು ನಗು, ಅಬ್ಬಬ್ಬಾ ಏನು ನಗು! ವೇಷದ ಟ್ರಂಕಿನ ಮೇಲೆ ತೆಪ್ಪಗೆ ಕೂತಿದ್ದವಳು ಇದ್ದಕ್ಕಿದ್ದಂತೆ ಖಿಲಖಿಲ ಎಂದುಬಿಟ್ಟಳು. ಯಾರೂ ತಮಾಷೆ ಮಾಡಿರಲಿಲ್ಲ, ಯಾರೂ ಜಾರಿ ಬಿದ್ದಿರಲಿಲ್ಲ. ಬಡಗಿ ಸುತ್ತಿಗೆ ಕೆಳಗಿಟ್ಟ. ಬಣ್ಣ ಹಚ್ಚಿಕೊಳ್ಳಲೆಂದು ಮೀಸೆ ಬೋಳಿಸುತ್ತಿದ್ದ ರಾಣಿ ಅರ್ಧ ಮೀಸೆಯನ್ನು ಹಾಗೇ ಬಿಟ್ಟು ಓಡಿಬಂದ. (ನಮ್ಮ ರಾಣಿಗೆ ಮೀಸೆ ಇದೆ, ನಿನಗೆ ಗೊತ್ತು. ಸಂಜೆಗೆ ತೆಗೆಯುತ್ತಾನೆ.)

"ಏನೇ ಅದು?" ಅಂದೆ.

"ನಗು ಬಂತು ಅಜ್ಜ."

"ಬರ್ಲಿ, ಬರ್ಲಿ! ಮನೆಗೆ ಬಂದವ್ರನ್ನ ವಾಪಸ್ ಕಳಿಸೋ ಕಂಪನಿ ಅಲ್ಲ ಇದು!"

ಇಂದಿನಿಂದ ಅವಳ ಹೆಸರು ಗಿಲಕಿ ಎಂದು ಈ ಸಭೆಯಲ್ಲಿ ಸಾರಿದ್ದೇನೆ. ಕಲೆ ಒಂದು ತಲೆಮಾರು ಹಾರಿ ಬರುತ್ತದಂತೆ. ನಿನ್ನನ್ನು ಹಾರಿದೆ, ತಪ್ಪು ತಿಳಿಯಬೇಡ.

ಇಂತು, ಕಂಪನಿಯ ಮಹಾರಾಜ, ನಿನ್ನ ಅಪ್ಪ


ಏಪ್ರಿಲ್ 17

ಅಪ್ಪ,

ಪತ್ರ ಬಂತು. ಇವರು ಗಟ್ಟಿಯಾಗಿಯೇ ಓದಿದರು. ಮೇಲಿನ ಮನೆಯವರು ಮೆಟ್ಟಿಲಿಳಿದು ಬಂದು "ಎಲ್ಲಾ ಸರಿ ಇದೆ ತಾನೇ?" ಎಂದು ಕೇಳಿ ಹೋದರು. ಪತ್ರದಲ್ಲಾದರೂ ಮೆಲ್ಲಗೆ ಮಾತಾಡಿ ಅಪ್ಪ.

ಗಾರ್ಮೆಂಟ್ಸಿನಲ್ಲಿ ನಾನು ಇನ್ನೂ ಕಾಲರ್ ವಿಭಾಗದಲ್ಲೇ ಇದ್ದೇನೆ. ಬೆಳಗಿನಿಂದ ಸಂಜೆವರೆಗೆ ಶಾಲೆಯ ಅಂಗಿಗಳಿಗೆ ಕಾಲರ್ ಹೊಲಿಯುತ್ತೇನೆ. ಅಂಗಿಯ ಉಳಿದ ಭಾಗ ಹೇಗಿರುತ್ತದೆಂದು ಮೊನ್ನೆ ಒಂದು ಮಗು ರಸ್ತೆಯಲ್ಲಿ ಹಾಕಿಕೊಂಡು ಹೋದಾಗಲೇ ನೋಡಿದ್ದು.

ಒಂದು ಮಾತು. ಅವಳ ನಗುವನ್ನು ಹೊಗಳಬೇಡಿ. ಅದೊಂದು ಅಭ್ಯಾಸವಾಗಿಬಿಟ್ಟಿದೆ. ನಕ್ಕಾಗ ಆ ಕಡೆ ತಿರುಗಿಕೊಳ್ಳಿ, ಕಂಡೂ ಕಾಣದ ಹಾಗೆ ಇದ್ದುಬಿಡಿ. ನಾನು ಹಾಗೇ ಮಾಡುತ್ತೇನೆ. ನೋಡುವವರಿಲ್ಲದಿದ್ದರೆ ತಾನಾಗಿಯೇ ನಿಲ್ಲುತ್ತದೆ.

ಶಾಲೆಯಲ್ಲಿ ಎಲ್ಲಾ ಚೆನ್ನಾಗಿದೆ. ಈ ಸಲ ರಜೆ ಸ್ವಲ್ಪ ಮುಂಚೆ ಸಿಕ್ಕಿತು, ಅದಕ್ಕೇ ಬೇಗ ಕಳಿಸಿದೆ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಹಟ ಮಾಡುತ್ತಾಳೆ, ಬಿಡಬೇಡಿ.

ನಿಮ್ಮ ಮಗಳು


ಏಪ್ರಿಲ್ 28

ಮಹಾಜನಗಳೇ, ದಯವಿಟ್ಟು ಚಪ್ಪಾಳೆ ನಿಲ್ಲಿಸಿ! ನಿಮ್ಮ ಚಪ್ಪಾಳೆಯಲ್ಲಿ ನನ್ನ ಪೆನ್ನಿನ ಸದ್ದು ನನಗೇ ಕೇಳುತ್ತಿಲ್ಲ!

ಕಂಡೂ ಕಾಣದ ಹಾಗೆ ಇರಬೇಕಂತೆ! ಮಗಳೇ, ಬಾಗಿಲಿಗೆ ಬಂದ ಭಾಗ್ಯಕ್ಕೆ ಬೆನ್ನು ತೋರಿಸು ಎನ್ನುತ್ತೀಯಲ್ಲ. ನಾನು ಏನು ಮಾಡಿದೆ ಗೊತ್ತೇ? ಗಿಲಕಿಯನ್ನು ರಂಗಕ್ಕೆ ಹತ್ತಿಸಿದೆ!

ನಮ್ಮ 'ಕಿರೀಟದ ಕೊನೆ' ನಾಟಕ ನಿನಗೆ ನೆನಪಿರಬೇಕು. ಮೊದಲ ಅಂಕದಲ್ಲಿ ರಾಜನ ತೊಡೆಯ ಮೇಲೆ ಒಂದು ಕೂಸು. ಇಷ್ಟು ವರ್ಷ ಅಲ್ಲಿ ಬಟ್ಟೆಯ ಗೊಂಬೆ ಇಡುತ್ತಿದ್ದೆವು. ಈಗ ನಿನ್ನ ಮಗಳು, ಜರಿಯ ಫ್ರಾಕು, ತಲೆಗೆ ರಟ್ಟಿನ ಪುಟ್ಟ ಕಿರೀಟ. ಸಂಜೆ ಹೊತ್ತಿನಲ್ಲಿ ಅವಳ ನಗು ಹೆಚ್ಚು. ಆದರೆ ಅದು ತನ್ನ ಹೊತ್ತಿಗೆ ಬರುತ್ತದೆಯೇ ಹೊರತು ನನ್ನ ಅಪ್ಪಣೆಗಲ್ಲ. ಆದ್ದರಿಂದ ಅದು ಬರುವವರೆಗೆ ನಾನು ಮಾತು ಬೆಳೆಸುತ್ತೇನೆ. ರಾಜ್ಯದ ವಿಸ್ತಾರ, ಕುದುರೆಗಳ ಬಣ್ಣ, ಅಡುಗೆಯವನ ಸೋಮಾರಿತನ, ಏನು ಬಾಯಿಗೆ ಬಂತೋ ಅದು. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವ ಪ್ರಾಂಪ್ಟರು ಪುಸ್ತಕದಲ್ಲಿ ಆ ಸಾಲು ಎಲ್ಲಿದೆ ಎಂದು ಹುಡುಕಿ ಬೆವರುತ್ತಾನೆ. ಆಗ ಬರುತ್ತದೆ ನೋಡು, ಖಿಲಖಿಲ! ಇಡೀ ಸಭೆ ಮಗುವಿನ ಜೊತೆ ನಗುತ್ತದೆ!

ಕಿವಿ ಹೋದವನು ಕಣ್ಣಿನಿಂದ ಕೇಳಬೇಕು. ನಾನು ಅವಳ ನಗುವನ್ನು ಅಂಗುಲ ಅಂಗುಲ ನೋಡಿದ್ದೇನೆ. ಮೊದಲು ಎಡಗೈ ಫ್ರಾಕಿನ ಅಂಚು ಹಿಡಿದು ಹಿಂಡುತ್ತದೆ. ನೋಟ ಎಲ್ಲೋ ನೆಟ್ಟು ನಿಲ್ಲುತ್ತದೆ. ತುಟಿಯ ಎಡಗೊನೆ ಮೊದಲು ಎಳೆಯುತ್ತದೆ, ಬಲಗೊನೆ ಹಿಂದಿನಿಂದ ಬರುತ್ತದೆ. ಆಮೇಲೆ ನಗು. ಮುಗಿದೊಡನೆ ಮುಖ ಒರೆಸಿದ ಸ್ಲೇಟು. ಕೆಲವು ಸಲ ಅಲ್ಲೇ ನನ್ನ ಎದೆಗೊರಗಿ ತೂಕಡಿಸುತ್ತಾಳೆ. ಪ್ರತಿ ಸಲವೂ ಹೀಗೇ, ಒಂದು ಕೂದಲು ಆಚೀಚೆ ಇಲ್ಲ! ಇಂಥ ಶಿಸ್ತು ನನ್ನ ಹಳೇ ನಟರಲ್ಲೂ ಕಾಣೆ.

ಒಂದೇ ಒಂದು ಕೊರತೆ. ಕಣ್ಣು ನಗುವುದಿಲ್ಲ. ಬಾಯಿ ಇಷ್ಟಗಲ ನಗುವಾಗಲೂ ಕಣ್ಣು ಹೆದರಿದ ಹಾಗೆ ಇರುತ್ತದೆ. ಬೆಳಿಗ್ಗೆ ಬಣ್ಣದ ಕೋಣೆಯ ಕನ್ನಡಿಯ ಮುಂದೆ ಕೂರಿಸಿ ತಿದ್ದುತ್ತಿದ್ದೇನೆ. "ಕಣ್ಣನ್ನೂ ಸೇರಿಸ್ಕೋ ಪುಟ್ಟಿ" ಎಂದರೆ ಏನು ಹೇಳುತ್ತಾಳೆ ಕೇಳು: "ಅದು ನನ್ನ ಮಾತು ಕೇಳಲ್ಲ ಅಜ್ಜ. ಹೊಟ್ಟೆಯೊಳಗೆ ಲಿಫ್ಟ್ ಮೇಲೆ ಹೋಗುತ್ತೆ, ಆಮೇಲೆ ಅದು ಬಂದ್ಬಿಡುತ್ತೆ."

ಕಲಾವಿದೆಯ ಮಾತು ಎಂದರೆ ಇದು! ನಾನು ಇದನ್ನು ಹೇಳಲು ಅರ್ಧ ಆಯುಷ್ಯ ತೆಗೆದುಕೊಂಡೆ.

ಮಹಾರಾಜ ಅಪ್ಪ


ಮೇ 6

ಅಪ್ಪ,

ಇವರಿಗೆ ಓದಿ ಹೇಳಲಿಲ್ಲ. ನಾನೊಬ್ಬಳೇ ಓದಿದೆ.

ಶಾಲೆಯಿಂದ ರಜೆ ಮುಂಚೆ ಸಿಕ್ಕಿದ್ದಲ್ಲ. ಅವಳ ತರಗತಿಯ ಹುಡುಗಿಯೊಬ್ಬಳ ತಂದೆ ತೀರಿಹೋದರು. ಟೀಚರು ಎಲ್ಲರನ್ನೂ ನಿಲ್ಲಿಸಿ ಒಂದು ನಿಮಿಷ ಸುಮ್ಮನಿರಿ ಎಂದಿದ್ದರು. ಇವಳು ನಕ್ಕಳು. ಆ ಹುಡುಗಿಯ ಮುಖ ನೋಡಿಕೊಂಡೇ ನಕ್ಕಳಂತೆ. ನನ್ನನ್ನು ಕರೆಸಿದರು. ಆ ಹುಡುಗಿಯ ತಾಯಿ ವರಾಂಡದಲ್ಲಿ ನಿಂತಿದ್ದರು. ನಾನು ಹೊಲಿಯುವಂಥದೇ ಕಾಲರು ಆ ಶಾಲೆಯ ಪ್ರತಿ ಮಗುವಿನ ಕುತ್ತಿಗೆಯಲ್ಲೂ ಇತ್ತು, ನನಗೆ ನನ್ನ ಕುತ್ತಿಗೆ ಎತ್ತಲು ಆಗಲಿಲ್ಲ. ಪರೀಕ್ಷೆ ಮುಗಿಯುವ ತನಕ ಮನೆಯಲ್ಲೇ ಇಟ್ಟುಕೊಳ್ಳಿ ಎಂದರು ಟೀಚರು.

ಇಲ್ಲಿ ನಾನು ನಿಲ್ಲಿಸಲು ಒದ್ದಾಡುತ್ತಿದ್ದೇನೆ, ಅಲ್ಲಿ ನೀವು ಅದಕ್ಕೆ ಕಿರೀಟ ಇಟ್ಟು ಟಿಕೆಟ್ ಮಾರುತ್ತಿದ್ದೀರಿ. ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳೋ ಅದನ್ನು ನಾನು ಬರೆಯುವುದಿಲ್ಲ.

ಈ ಪತ್ರ ಸಿಕ್ಕಿದ ಕೂಡಲೇ ಅವಳನ್ನು ರಂಗದಿಂದ ಇಳಿಸಿ. ಇವರು ಆ ಕಡೆ ಲೋಡು ತರುತ್ತಾರೆ, ಹದಿನಾರಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ.

ನಿಮ್ಮ ಮಗಳು


ಮೇ 15

ಮಗಳಿಗೆ,

ನಿನ್ನ ಪತ್ರ ತಡವಾಗಿ ಸಿಕ್ಕಿತು. ನಾಳೆ ಅಳಿಯಂದಿರ ಜೊತೆ ಮಗುವನ್ನು ಕಳಿಸುತ್ತೇನೆ.

ನೀನು ಹೇಳಿದ್ದೇ ಸರಿ. ಮಗುವನ್ನು ತಲೆಯ ಮೇಲೆ ಕೂರಿಸಿಕೊಳ್ಳಬಾರದಿತ್ತು. ನಿನ್ನೆ ಕೊನೆಯ ಅಂಕ. ವಿಷ ಕುಡಿದ ರಾಜ ಕೂಸನ್ನು ಎದೆಗವಚಿಕೊಂಡು ರಾಜ್ಯಕ್ಕೆ ವಿದಾಯ ಹೇಳುವ ಮಾತು. ಮೂವತ್ತು ವರ್ಷದಿಂದ ಸಾಯುತ್ತಿದ್ದೇನೆ ಮಗಳೇ, ಒಬ್ಬರೂ ಕೆಮ್ಮಿದ್ದಿಲ್ಲ. ಇವಳು ನಕ್ಕಳು. ನಿಲ್ಲಿಸದೆ ನಕ್ಕಳು. ಅವಳನ್ನು ನೋಡಿ ಮುಂದಿನ ಸಾಲು ನಕ್ಕಿತು, ಆಮೇಲೆ ಇಡೀ ಸಭೆ. ಪರದೆ ಎಳೆಯುವವನೂ ನಕ್ಕ, ಪರದೆ ಅರ್ಧಕ್ಕೇ ನಿಂತಿತು. ಸತ್ತ ರಾಜ ಎದ್ದು ನಡೆದು ಒಳಗೆ ಹೋಗಬೇಕಾಯಿತು.

ಸ್ವಲ್ಪ ಗದರಿದೆ, ಅಷ್ಟೇ. ಮಗು ಮಂಕಾಗಿದ್ದಾಳೆ, ಬಿಸಿಲಿಗೆ ಇರಬೇಕು.

ಅಪ್ಪ


ಜುಲೈ 2

ಅಪ್ಪ,

ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇರಲಿ. ಒಂದು ವಿಷಯ ಕೇಳುವುದಿದೆ.

ಅಲ್ಲಿಂದ ಬಂದ ಮೇಲೆ ಅವಳು ಒಂದು ಹೊಸ ಪಾಠ ಕಲಿತಿದ್ದಾಳೆ. ನಗು ಮುಗಿದ ಕೂಡಲೇ ಎದ್ದು ನೆಟ್ಟಗೆ ನಿಲ್ಲುತ್ತಾಳೆ. ಕೈ ಮುಗಿಯುತ್ತಾಳೆ. "ಮಾನ್ಯರೇ, ನಾನು ಬೇಕೆಂದೇ ನಕ್ಕೆ. ನನ್ನದು ತಪ್ಪಾಯಿತು" ಎನ್ನುತ್ತಾಳೆ. ಥೇಟ್ ನಿಮ್ಮ ಉಚ್ಚಾರಣೆ. ಒತ್ತಕ್ಷರ ಒಂದೂ ತಪ್ಪುವುದಿಲ್ಲ. ಟೀಚರ ಮುಂದೆ ಹೇಳುತ್ತಾಳೆ, ಅಂಗಡಿಯವನ ಮುಂದೆ ಹೇಳುತ್ತಾಳೆ, ಬಸ್ಸಿನಲ್ಲಿ ಎದುರು ಸೀಟಿನ ಮುದುಕಿಗೂ ಹೇಳಿದಳು. ಆಕೆ "ಅಯ್ಯೋ ನನ್ನ ಕಂದ, ನಗೋಕೂ ಯಾರಾದ್ರೂ ತಪ್ಪಾಯ್ತು ಅಂತಾರಾ?" ಎಂದರು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ನಗು ಹೆಚ್ಚಾಗಿದೆ. ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋಗಿದ್ದೆವು. "ಯಾಕೆ ನಗ್ತೀಯ ಮರಿ?" ಎಂದು ಕೇಳಿದರು. ಸ್ಟೂಲಿನಿಂದ ಇಳಿದು ಅದೇ ಸಾಲು ಒಪ್ಪಿಸಿದಳು. ಡಾಕ್ಟರು ನನ್ನ ಕಡೆ ತಿರುಗಿ, "ನೋಡಿಮ್ಮ, ಅವಳೇ ಒಪ್ಕೋತಿದ್ದಾಳಲ್ಲ, ಬೇಕಂತ್ಲೇ ಮಾಡೋದು. ಗಮನ ಸೆಳೆಯೋ ಚಟ. ಸ್ವಲ್ಪ ಶಿಸ್ತು ಕಲಿಸಿ, ಸರಿ ಹೋಗ್ತಾಳೆ" ಎಂದು ಕಳಿಸಿದರು.

ಕಲಿಸುತ್ತಿದ್ದೇನೆ.

ಆ ಸಾಲು ಯಾವ ನಾಟಕದ್ದು?

ನಿಮ್ಮ ಮಗಳು


ಜುಲೈ 10

ಸಭಿಕರೇ! ಬಹಳ ದಿನಗಳ ಮೇಲೆ ದರ್ಶನ! ಎಲ್ಲರೂ ಕ್ಷೇಮವಷ್ಟೇ?

ಆ ಸಾಲೇ? ಅದು ಹೊಸ ನಾಟಕದ್ದು ಮಗಳೇ. ಇನ್ನೂ ಬರೆಯುತ್ತಿದ್ದೇನೆ, ಹೆಸರಿಟ್ಟಿಲ್ಲ. ಆಸ್ಥಾನದಲ್ಲಿ ಒಬ್ಬ ವಿದೂಷಕ ಹೇಳುವ ಮಾತು. ಮಕ್ಕಳು ಏನನ್ನೋ ಎಲ್ಲಿಂದಲೋ ಹಿಡಿದುಕೊಳ್ಳುತ್ತವೆ, ಆಮೇಲೆ ಮರೆಯುತ್ತವೆ. ನೀನು ಅವಳ ವಯಸ್ಸಿನಲ್ಲಿ ಸೇನಾಪತಿಯ ಬೈಗುಳ ಕಲಿತು ಅಕ್ಕಪಕ್ಕದವರಿಗೆಲ್ಲ ಹಂಚಿರಲಿಲ್ಲವೇ?

ಇಲ್ಲಿ ಮಳೆಯಿಂದ ಆಟ ಕಡಿಮೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ನನಗೂ ಕೇಳುತ್ತದೆ, ಅಷ್ಟು ಜೋರು. ಕಂಪನಿಯವರೆಲ್ಲ ಚೆನ್ನಾಗಿದ್ದಾರೆ.

ಅಪ್ಪ


ಆಗಸ್ಟ್ 24

ಅಪ್ಪ,

ಕೂತು ಓದಿ. ಇದನ್ನು ಯಾರಿಗೂ ಗಟ್ಟಿಯಾಗಿ ಓದಿ ಹೇಳಬೇಡಿ.

ಈ ತಿಂಗಳ ಮೊದಲ ವಾರ ಬೆಳಿಗ್ಗೆ ಶಾಲೆಗೆ ಹೊರಟಿದ್ದಳು. ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ನಕ್ಕಳು. ನಾನು ವಾಡಿಕೆಯಂತೆ ಆ ಕಡೆ ತಿರುಗಿಕೊಂಡೆ. ನಗು ನಿಂತಿತು. ಆಮೇಲೆ ದಪ್ ಎಂದು ಸದ್ದು. ತಿರುಗಿ ನೋಡಿದರೆ ಕೈಕಾಲು ಸೆಟೆದುಕೊಂಡು ನೆಲದ ಮೇಲಿದ್ದಳು, ಒಂದು ಬೂಟು ಹಾಕಿಕೊಂಡು.

ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ನರದ ಡಾಕ್ಟರು ನೋಡಿದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಸದಾ ಪೆನ್ನು ಹುಡುಕುತ್ತಿರುತ್ತಾರೆ. ಅವರ ಮುಂದೆ ಮಂಚದ ಮೇಲೇ ನಗು ಬಂತು. ಮುಗಿದ ಮೇಲೆ, ಕೈಗೆ ಸೂಜಿ ಚುಚ್ಚಿ ಟೇಪು ಹಾಕಿದ್ದರೂ, ಹಾಸಿಗೆಯ ಮೇಲೆ ಎದ್ದು ನಿಂತು ಕೈ ಮುಗಿದಳು. "ಮಾನ್ಯರೇ, ನಾನು ಬೇಕೆಂದೇ ನಕ್ಕೆ. ನನ್ನದು ತಪ್ಪಾಯಿತು."

ಡಾಕ್ಟರು ಹುಡುಕುತ್ತಿದ್ದ ಪೆನ್ನನ್ನು ಬಿಟ್ಟರು. "ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

ನಾನೇ ಉತ್ತರ ಕೊಟ್ಟೆ. "ಅವಳಜ್ಜ ನಾಟಕದವರು ಮೇಡಂ. ಅದು ನಾಟಕದ ಸಾಲು."

"ನಾಟಕದ್ದಲ್ಲ," ಎಂದಳು. "ನಾನು 'ನಗು ಬಂತು' ಅಂದೆ. ಅಜ್ಜ 'ಹಾಗನ್ಬಾರ್ದು, ನಕ್ಕೆ ಅನ್ನು' ಅಂದ. ಸರಿಯಾಗಿ ಬರೋ ತನಕ ಹೇಳಿಸ್ದ. ಎಲ್ಲಾರೂ ನೋಡ್ತಿದ್ರು."

ಡಾಕ್ಟರು ನನ್ನನ್ನು ಕೇಳಿದರು: ನಗು ಶುರುವಾಗುವ ಮೊದಲು ಏನಾಗುತ್ತದೆ? ಕೈ ಏನು ಮಾಡುತ್ತದೆ? ಕಣ್ಣು ಎಲ್ಲಿರುತ್ತದೆ? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ ಅಪ್ಪ. ಹೆತ್ತವಳು ನಾನು. ನಾನು ಯಾವತ್ತೂ ನೋಡಿರಲೇ ಇಲ್ಲ. ಕಂಡೂ ಕಾಣದ ಹಾಗೆ ಇದ್ದೆನಲ್ಲ.

ಆಗ ನಿಮ್ಮ ಏಪ್ರಿಲ್ ತಿಂಗಳ ಪತ್ರ ನೆನಪಾಯಿತು. ಇವರು ಮನೆಗೆ ಓಡಿ ತಂದರು. ಡಾಕ್ಟರು ಎರಡು ಸಲ ಓದಿದರು. ಫ್ರಾಕಿನ ಅಂಚು, ಎಡಗೊನೆ, ಬಲಗೊನೆ, ಸ್ಲೇಟು, ಲಿಫ್ಟು. 'ಕಣ್ಣು ನಗುವುದಿಲ್ಲ' ಎನ್ನುವಲ್ಲಿ ಬೆರಳಿಟ್ಟು ನಿಂತರು. "ಇಷ್ಟು ಚೆನ್ನಾಗಿ ಯಾವ ತಂದೆತಾಯೀನೂ ನನಗೆ ಹೇಳಿಲ್ಲ," ಎಂದರು. ಆಮೇಲೆ ಮೆಲ್ಲಗೆ, ನನಗಲ್ಲ, ಕಾಗದಕ್ಕೇ ಕೇಳಿದ ಹಾಗೆ: "ಇಷ್ಟೆಲ್ಲಾ ಕಂಡೋರಿಗೆ ಇದು ಕಾಣ್ಲಿಲ್ವಾ?"

ಸ್ಕ್ಯಾನು ಮಾಡಿದರು. ಮೆದುಳಿನ ತಳದಲ್ಲಿ, ತೀರಾ ಒಳಗೆ, ಒಂದು ಗಡ್ಡೆ ಇದೆ. ಅಂಗಿಯ ಗುಂಡಿಯಷ್ಟು. ಕ್ಯಾನ್ಸರ್ ಅಲ್ಲ. ಹರಡುವುದಿಲ್ಲ, ಬೆಳೆಯುವುದೂ ಇಲ್ಲವೆನ್ನಬಹುದು. ಹುಟ್ಟುವಾಗಲೇ ಅವಳ ಜೊತೆ ಬಂದದ್ದು. ಬಹಳ ಅಪರೂಪ, ಸಾವಿರಾರು ಮಕ್ಕಳನ್ನು ನೋಡಿದವರೂ ಒಂದನ್ನೂ ಕಂಡಿರುವುದಿಲ್ಲವಂತೆ. ಅದು ಕೆರಳಿದಾಗಲೆಲ್ಲ ನಗು ಬರುತ್ತದೆ. "ಇದು ಫಿಟ್ಸ್. ನಗುವಿನ ವೇಷ ಹಾಕ್ಕೊಂಡು ಬರುತ್ತೆ, ಅದಕ್ಕೇ ಯಾರೂ ಗುರುತು ಹಿಡಿಯಲ್ಲ" ಎಂದರು ಡಾಕ್ಟರು. ನಿಮ್ಮ ಬಗ್ಗೆ ಅವರಿಗೆ ಗೊತ್ತಿದ್ದು ಹಾಗೆ ಹೇಳಿದರೋ, ಎಲ್ಲರಿಗೂ ಹಾಗೇ ಹೇಳುತ್ತಾರೋ.

ಬರೀ ಮಾತ್ರೆಯಲ್ಲಿ ಇದು ನಿಲ್ಲುವುದು ಕಷ್ಟವಂತೆ. ಮುಂದಿನ ತಿಂಗಳು ಆಪರೇಷನ್.

ನಿಮ್ಮನ್ನು ಬೈಯಲು ಕೂತೆ. ಬೈಯಲು ನನಗೆ ಮುಖವಿಲ್ಲ. ಆ ವರಾಂಡದಿಂದ ಮನೆಗೆ ಬಂದ ದಿನ ನಾನು ಅವಳಿಗೆ ಹೊಡೆದೆ. ಶಿಸ್ತು ಕಲಿಸಿ ಎಂದ ಮೇಲೂ ಹೊಡೆದೆ, ಒಂದು ಸಲವಲ್ಲ. ಹೊಡೆಸಿಕೊಂಡು ಅವಳು ಆ ಸಾಲು ಹೇಳುತ್ತಿದ್ದಳು, ನಾನು "ಗೊತ್ತಿದ್ದೂ ಮಾಡ್ತೀಯಾ?" ಎಂದು ಮತ್ತೊಂದು ಕೊಡುತ್ತಿದ್ದೆ.

ನೀವು ಬರಬೇಡಿ. ನಾನು ಹೇಳುತ್ತಿಲ್ಲ, ಅವಳು ಹೇಳಿದಳು. "ಅಜ್ಜ ಬಂದಾಗ ನಗು ಬಂದ್ಬಿಟ್ರೆ?" ಎಂದು ಕೇಳಿದಳು.

ಆ ಹೊಸ ನಾಟಕಕ್ಕೆ ಹೆಸರಿಟ್ಟಿರಾ ಅಪ್ಪ?

ನಿಮ್ಮ ಮಗಳು


ಸೆಪ್ಟೆಂಬರ್ 20

ಅಪ್ಪ,

ನಿಮ್ಮಿಂದ ಉತ್ತರ ಬರಲಿಲ್ಲ. ನಾನು ಬರೆದ ಮೇಲೂ ನೀವು ಇಷ್ಟು ದಿನ ಸುಮ್ಮನಿದ್ದದ್ದು ನನ್ನ ನೆನಪಿನಲ್ಲಿ ಇಲ್ಲ. ಇವರು "ಮಾವನೋರಿಗೆ ಹುಷಾರಿಲ್ವೋ ಏನೋ, ಹೋಗಿ ನೋಡ್ಲಾ?" ಎನ್ನುತ್ತಾರೆ. ಹುಷಾರಿದ್ದೀರಾ?

ಆಪರೇಷನ್ ಆಯಿತು. ತಲೆಯನ್ನು ಪೂರ್ತಿ ತೆರೆಯಲಿಲ್ಲ. ಚಿಕ್ಕ ತೂತು ಮಾಡಿ, ತೆಳ್ಳಗಿನ ತಂತಿಯೊಂದನ್ನು ಒಳಗಿಳಿಸಿ, ಅದರ ತುದಿಯ ಲೇಸರ್ ಬೆಳಕಿನಿಂದ ಗಡ್ಡೆಯನ್ನು ಸುಟ್ಟರು. ಹೊಲಿಗೆ ನೋಡಿದೆ, ನೀಟಾಗಿದೆ. ನನ್ನ ಸೂಪರ್‌ವೈಸರ್ ಕೂಡಾ ತಪ್ಪು ಹುಡುಕಲಾರಳು. ಆವತ್ತಿನಿಂದ ನಗು ಬಂದಿಲ್ಲ. ಈಗಲೇ ಏನೂ ಹೇಳುವ ಹಾಗಿಲ್ಲ, ಕಾದು ನೋಡಬೇಕು, ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ ಎಂದಿದ್ದಾರೆ. ನೀರು ಜಾಸ್ತಿ ಕುಡಿಯುತ್ತಾಳೆ, ಈ ಆಪರೇಷನ್ ಆದವರಿಗೆ ಹಾಗಾಗುವುದುಂಟಂತೆ, ಅದರ ಮೇಲೆ ಕಣ್ಣಿಟ್ಟಿದ್ದಾರೆ.

ಒಂದು ಸಂಕಟ ಉಳಿದಿದೆ. ನಗು ಬರುವುದು ನಿಂತಿತು, ಈಗ ಅವಳು ನಗುವುದೂ ಇಲ್ಲ. ಮೊನ್ನೆ ಇವರು ಬಲ್ಬು ಹಾಕಲು ಹೋಗಿ ಸ್ಟೂಲಿನಿಂದ ಜಾರಿ ಬಕೆಟ್ಟಿನೊಳಗೆ ಕೂತರು. ನಾನೇ ನಕ್ಕುಬಿಟ್ಟೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಎಷ್ಟೋ ಹೊತ್ತಿನ ಮೇಲೆ ಬಂದು, "ಯಾರೂ ನೋಡ್ಲಿಲ್ಲ ತಾನೇ?" ಎಂದಳು. ಬಾಗಿಲಾಚೆ ಅವಳು ನಕ್ಕಳೋ, ತಡೆದುಕೊಂಡಳೋ ನನಗೆ ಗೊತ್ತಿಲ್ಲ. ಡಾಕ್ಟರು, ಇದು ಗಡ್ಡೆಯ ಕೆಲಸ ಅಲ್ಲ ಎಂದರು.

ನಿಮಗೆ ಬರೆಯುತ್ತಿದ್ದೇನೆಂದು ಗೊತ್ತಾಗಿ ಪಕ್ಕದಲ್ಲಿ ಬಂದು ಕೂತಿದ್ದಾಳೆ. ನಾನೂ ಹೇಳ್ತೀನಿ, ಬರಿ ಎಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅಜ್ಜ, ನೀನು ಸಾಯೋದು ಚೆನ್ನಾಗಿತ್ತು. ನಂಗೆ ಅಳು ಬರ್ತಿತ್ತು. ನಗು ಬಂದಿದ್ದು ಅದಕ್ಕಲ್ಲ. ಡಾಕ್ಟ್ರು ಅದನ್ನ ಸುಟ್ಹಾಕಿದ್ದಾರೆ. ಇನ್ನು ನೀನು ಆರಾಮಾಗಿ ಸಾಯ್ಬಹುದು."

ನಿಮ್ಮ ಮಗಳು


ಸೆಪ್ಟೆಂಬರ್ 28

ಮಗಳೇ,

ಇದನ್ನು ಗಟ್ಟಿಯಾಗಿ ಓದಬೇಡ. ಎದುರಿಗೆ ಯಾರೂ ಕೂತಿಲ್ಲವೆಂದು ನೋಡಿಕೊಂಡು ಓದು.

ನಿನ್ನ ಆಗಸ್ಟಿನ ಪತ್ರಕ್ಕೆ ಉತ್ತರ ಬರೆಯಲು ಪ್ರತಿ ದಿನ ಕೂತೆ. ಮಹಾಜನಗಳೇ ಎಂದು ಶುರು ಮಾಡುತ್ತಿದ್ದೆ, ಕಾಗದ ಹರಿದುಹಾಕುತ್ತಿದ್ದೆ. ಬೇರೆ ಹೇಗೆ ಶುರು ಮಾಡುವುದೆಂದು ನನಗೆ ತಿಳಿದಿರಲಿಲ್ಲ.

ಮೊದಲು ಸುಳ್ಳುಗಳು. ನಿನ್ನ ಮೇ ತಿಂಗಳ ಪತ್ರ ತಡವಾಗಿ ಸಿಗಲಿಲ್ಲ. ಹೊತ್ತಿಗೆ ಸರಿಯಾಗಿ ಸಿಕ್ಕಿತು. ಓದಿ ರಾಜನ ನಿಲುವಂಗಿಯ ಜೇಬಿಗೆ ಹಾಕಿಕೊಂಡು, ಕೊನೆಯದಾಗಿ ಒಂದು ಆಟ ಆಗಲಿ ಎಂದುಕೊಂಡೆ. ಮಗು ಇದ್ದ ದಿನ ಕುರ್ಚಿ ತುಂಬುತ್ತಿದ್ದವು. ಅಷ್ಟೇ ಅಲ್ಲ, ಮೊದಲ ಅಂಕದಲ್ಲಿ ಮಾತ್ರ ಇರಬೇಕಾದ ಕೂಸನ್ನು ನಾನೇ ಸಾವಿನ ಅಂಕಕ್ಕೂ ತಂದೆ. ಜನರನ್ನು ಇನ್ನಷ್ಟು ಅಳಿಸೋಣವೆಂದು. ಎದೆಗವಚಿಕೊಂಡಿದ್ದೆ. ನಿನ್ನ ಪತ್ರ ಅವಳಿಗೂ ನನಗೂ ನಡುವೆ ಇತ್ತು. ಅವಳ ಎಡಗೈ ಹಿಂಡಿದ್ದು ಈ ಸಲ ಫ್ರಾಕನ್ನಲ್ಲ, ನನ್ನ ಅಂಗಿಯನ್ನು. ನಗು ಬರುತ್ತದೆಂದು ನನಗೆ ಜನಕ್ಕಿಂತ ಮುಂಚೆ ಗೊತ್ತಾಯಿತು.

ಹೊಸ ನಾಟಕ ಯಾವುದೂ ಇಲ್ಲ. ವಿದೂಷಕನೂ ಇಲ್ಲ. ಮರುದಿನ ಬೆಳಿಗ್ಗೆ ಕಂಪನಿಯವರನ್ನೆಲ್ಲ ರಂಗದ ಮೇಲೆ ಸೇರಿಸಿದೆ. ವೇಷದ ಟ್ರಂಕಿನ ಮೇಲೆ ಅವಳನ್ನು ನಿಲ್ಲಿಸಿದೆ. "ಇವಳು ನನ್ನ ಸಾವನ್ನ ಹಾಳು ಮಾಡಿದ್ಳು. ಯಾಕೆ ಅಂತ ಎಲ್ಲಾರ ಮುಂದೆ ಹೇಳ್ಲಿ" ಅಂದೆ. "ನಗು ಬಂತು" ಅಂದಳು. ಜ್ವರ ಬಂತು, ಕೆಮ್ಮು ಬಂತು, ವಾಂತಿ ಬಂತು ಎನ್ನುವ ಹಾಗೆ. ಮೊದಲ ದಿನದಿಂದ ಅವಳು ಅದೊಂದೇ ಮಾತು ಹೇಳುತ್ತಿದ್ದಳು ಮಗಳೇ. ಒಂದು ದಿನವೂ ನಕ್ಕೆ ಎನ್ನಲಿಲ್ಲ. ಒಂದು ಹ್ರಸ್ವ ದೀರ್ಘವಾದರೆ ನಟನನ್ನು ನಿಲ್ಲಿಸಿ ತಿದ್ದುವವನು ನಾನು. ಆ ಮಗು ಸರಿಯಾದ ಮಾತು ಹೇಳುತ್ತಿತ್ತು, ನಾನು ತಿದ್ದಿದೆ. "ಬಂತು ಅನ್ಬಾರ್ದು. ಯಾರು ತಂದ್ರು ಅದನ್ನ? ನಕ್ಕೆ ಅನ್ನು. ಬೇಕೆಂದೇ ನಕ್ಕೆ ಅನ್ನು." ಅವಳು ಅಳುತ್ತಾ ಹೇಳಿದಳು. ಅಳುತ್ತಾ ಹೇಳಿದರೆ ಒತ್ತು ಸರಿಯಾಗಿ ಬರುವುದಿಲ್ಲ, ಮತ್ತೆ ಹೇಳು ಅಂದೆ. ಸರಿಯಾಗಿ ಬಂದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೇ ತಟ್ಟಿಸಿದೆ. ಅವಳ ಕಾಲ ಕೆಳಗೆ ಟ್ರಂಕು ಒದ್ದೆಯಾಗಿತ್ತು. ಆ ಟ್ರಂಕನ್ನು ಬಟ್ಟೆಯಿಂದ ಒರೆಸಿ, ಸ್ವಲ್ಪ ಗದರಿದೆ ಎಂದು ನಿನಗೆ ಬರೆದೆ.

ಆಮೇಲೆ ಅದೇ ಸಾಲನ್ನು ಅವಳು ಡಾಕ್ಟರಿಗೆ ಹೇಳಿದಳು, ಡಾಕ್ಟರು ನಂಬಿದರು, ನೀನು ನಂಬಿದೆ. ಹಾಗೆ ಹೇಳಿಕೊಟ್ಟಿದ್ದೆ ನಾನು. ನನ್ನ ಬದುಕಿನಲ್ಲಿ ಯಾವ ನಟನಿಗೂ ಇಷ್ಟು ಚೆನ್ನಾಗಿ ಪಾಠ ಹೇಳಿದವನಲ್ಲ. ನೀನು ಹೊಡೆದ ಒಂದೊಂದು ಏಟಿನ ಹಿಂದೆಯೂ ಪ್ರಾಂಪ್ಟರು ನಾನೇ. ಅದನ್ನು ನಿನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಡ.

ಜುಲೈನಲ್ಲಿ ನೀನು ಕೇಳಿದಾಗ ನಿಜ ಹೇಳಿದ್ದರೆ ಅವಳು ಅಷ್ಟು ಮುಂಚೆ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದಳು. ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಬೀಳುತ್ತಿರಲಿಲ್ಲ. ಇದನ್ನು ಬರೆದುಬಿಟ್ಟೆ, ಓದಿ ನೋಡುವ ಧೈರ್ಯವಿಲ್ಲ.

ಅವಳು ಹೇಳಿ ಬರೆಸಿದ ಮಾತು ಓದಿದೆ. ನನ್ನ ಸಾವು ಚೆನ್ನಾಗಿತ್ತಂತೆ. ತಲೆಯೊಳಗೆ ತಂತಿ ಇಳಿಸಿಕೊಂಡು ಮಲಗಿದ್ದ ಮಗುವಿಗೆ ಈ ಮುದುಕನ ನಟನೆಯ ಚಿಂತೆ. ಬಣ್ಣದ ಕೋಣೆಯ ಕನ್ನಡಿಯ ಮುಂದೆ ಕೂತು ಓದಿದೆ, ಆಮೇಲೆ ಕನ್ನಡಿಗೆ ಟವೆಲ್ಲು ಹೊದಿಸಿದೆ. ಆವತ್ತಿನಿಂದ ನಾನು ಸತ್ತಿಲ್ಲ. ಕಂಪನಿ ಬೇರೆ ನಾಟಕ ಆಡುತ್ತಿದೆ, ನನ್ನ ಬದಲು ರಾಣಿ ಮೀಸೆ ಇಟ್ಟುಕೊಂಡೇ ರಾಜನಾಗಿದ್ದಾನೆ. ಪರವಾಗಿಲ್ಲ ಎನ್ನುತ್ತಾರೆ ಜನ.

ಗಿಲಕಿ ಎಂಬ ಹೆಸರನ್ನು ಇಲ್ಲೇ ಬಿಟ್ಟುಬಿಡುತ್ತೇನೆ. ಗಿಲಕಿ ತಾನಾಗಿ ಸದ್ದು ಮಾಡುವ ವಸ್ತುವಲ್ಲ. ಹೆಸರಿಟ್ಟವನು ಅಷ್ಟನ್ನಾದರೂ ಯೋಚಿಸಬೇಕಿತ್ತು.

ಬರಬೇಡ ಎಂದಿದ್ದಳು. ಈಗ ಆರಾಮಾಗಿ ಸಾಯಬಹುದು ಎಂದಿದ್ದಾಳೆ. ಬಾ ಎಂದು ಹೇಳಿಲ್ಲ, ನನಗೆ ಗೊತ್ತು. ಆದರೂ ಹೊರಟಿದ್ದೇನೆ. ಅಳಿಯಂದಿರ ಗೆಳೆಯರ ಲಾರಿಯೊಂದು ಈ ಸಂಜೆ ನಿಮ್ಮ ಕಡೆ ಹೊರಡುತ್ತದೆ, ಈ ಕಾಗದ ಅದರ ಡ್ರೈವರ ಕೈಯಲ್ಲಿ ನನಗಿಂತ ಮುಂಚೆ ಬರುತ್ತದೆ. ಓದಿದ ಮೇಲೆ ಅವಳನ್ನು ಕೇಳು. ಬೇಡ ಎಂದರೆ ನಿಮ್ಮ ಬೀದಿಯ ಕಿಟಕಿಗೆ ಒಂದು ಬಟ್ಟೆ ಒಣಹಾಕು, ನಾನು ಬಂದ ಬಸ್ಸಿನಲ್ಲೇ ತಿರುಗಿ ಹೋಗುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಕೆಲಸ ನಡೆಯುತ್ತಿದೆ. ಮೆಲ್ಲಗೆ ಮಾತಾಡುವುದನ್ನು ಕಲಿಯುತ್ತಿದ್ದೇನೆ. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ಕೇಳುವುದಿಲ್ಲವಲ್ಲ. ಖಾಲಿ ರಂಗದ ಮೇಲೆ ಪ್ರಾಂಪ್ಟರನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಜೋರಾದರೆ ಅವನು ಕೈ ಎತ್ತುತ್ತಾನೆ. ಮೊದಮೊದಲು ಕೈ ಇಳಿಸಲೇ ಇಲ್ಲ. "ಮಾಲೀಕ್ರೇ, ಇದು ಗುಟ್ಟಲ್ಲ, ಡಂಗುರ" ಎಂದ. ಇಂದು ಮಧ್ಯಾಹ್ನ ಒಂದು ಸಾಲು ಪೂರ್ತಿ ಹೇಳಿದೆ, ಅವನು ಕೈ ಎತ್ತಲಿಲ್ಲ. ನನಗಂತೂ ಏನೂ ಕೇಳಿಸಲಿಲ್ಲ. ಅವನ ಕಣ್ಣು ನೋಡಿ ತಿಳಿದುಕೊಂಡೆ, ಸರಿಯಾಗಿತ್ತು.

ನಾಳೆ ಬೆಳಿಗ್ಗೆ ಬಸ್ಸಿಗೆ ಮುಂಚೆ ಕಂಪನಿಯವರನ್ನೆಲ್ಲ ಮತ್ತೆ ರಂಗದ ಮೇಲೆ ಸೇರಿಸುತ್ತೇನೆ. ಅದೇ ಟ್ರಂಕಿನ ಮೇಲೆ ಈ ಸಲ ನಾನು ಹತ್ತುತ್ತೇನೆ. ಅವಳ ಬಾಯಲ್ಲಿ ಹೇಳಿಸಿದ್ದನ್ನು ಅವರೆಲ್ಲರ ಮುಂದೆ ವಾಪಸ್ಸು ತೆಗೆದುಕೊಳ್ಳುತ್ತೇನೆ. ಯಾರೂ ಚಪ್ಪಾಳೆ ತಟ್ಟಕೂಡದು ಎಂದು ಮೊದಲೇ ಹೇಳುತ್ತೇನೆ. ಆಮೇಲೆ ಬಸ್ಸು ಹತ್ತುತ್ತೇನೆ. ಕಿಟಕಿಯಲ್ಲಿ ಬಟ್ಟೆ ಇಲ್ಲದಿದ್ದರೆ ನಿಮ್ಮ ಬಾಗಿಲು ಒಂದೇ ಸಲ ತಟ್ಟುತ್ತೇನೆ. ಮುಖ ಚೇಷ್ಟೆ ಮಾಡುವುದಿಲ್ಲ, ನಗಿಸುವುದಿಲ್ಲ. ಅವಳ ಎತ್ತರಕ್ಕೆ ನೆಲದ ಮೇಲೆ ಕೂತು, ಕೈ ಮುಗಿದು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳುತ್ತೇನೆ: "ನೀನು ನಕ್ಕಿದ್ದಲ್ಲ ಕಂದ. ನಗು ಬಂದಿದ್ದು."

ಅಪ್ಪ